ಪೆಡಲ್ ಸ್ಟೀಲ್ ಗಿಟಾರ್‌ನ ಕಾಲು ಮತ್ತು ಪೆಡಲ್ ಬಾರ್ ಮಾರ್ಪಾಡು: ಪದೇ ಪದೇ ಕೇಳುವ ಪ್ರಶ್ನೆಗಳು

ಮಾಮೂಲಿ ಗಿಟಾರ್ ಆದರೆ ಹೆಗಲಿನ ಪಟ್ಟಿ ಎಳೆದು ಸರಿ ಮಾಡಿಕೊಂಡರೆ ಮುಗಿಯಿತು. ಪೆಡಲ್ ಸ್ಟೀಲ್ ಹಾಗಲ್ಲ. ಅದು ನಾಲ್ಕು ಕಾಲಿನ ಮೇಜಿನಂತೆ ನಿಂತಿರುತ್ತದೆ, ಅದರ ಮುಂದೆ ಕೂತು, ಪೆಡಲ್ ತುಳಿದು ತಂತಿಗಳ ಸ್ವರ ಬದಲಿಸುತ್ತಾ ನುಡಿಸಬೇಕು. ಎರಡು ಕೈ, ಎರಡು ಪಾದ, ಎರಡು ಮೊಣಕಾಲು, ಆರಕ್ಕೂ ಇಲ್ಲಿ ಕೆಲಸ ಇದೆ. ಎತ್ತರ ಒಂದು ಅಂಗುಲ ಹೆಚ್ಚುಕಮ್ಮಿ ಆದರೂ ಆರರಲ್ಲಿ ಒಂದು ಮುನಿಸಿಕೊಳ್ಳುತ್ತದೆ. ನನ್ನ ಎರಡು ಗಿಟಾರ್‌ಗಳ ಕಾಲನ್ನೂ, ಗೆಳೆಯರ ಇನ್ನೊಂದಷ್ಟು ಗಿಟಾರ್‌ಗಳ ಕಾಲನ್ನೂ ಬಿಚ್ಚಿ ಜೋಡಿಸಿದ್ದೇನೆ. ಜನ ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ.

ನನ್ನ ಗಿಟಾರ್ ನನಗೆ ಕುಳ್ಳಗಿದೆ ಅಂತ ಹೇಗೆ ಗೊತ್ತಾಗುತ್ತದೆ?

ದಿನಾ ಕೂರುವ ಸೀಟಿನಲ್ಲೇ ಕೂತು ನೋಡಿ. ಹಿಮ್ಮಡಿ ನೆಲದ ಮೇಲಿರಲಿ, ಎಡಪಾದದ ಮುಂಭಾಗ ಪೆಡಲ್ ಮೇಲಿರಲಿ. ಈಗ ತೊಡೆಗೂ ಗಿಟಾರ್ ತಳಕ್ಕೂ ನಡುವೆ ಕೈ ತೂರಿಸಿ. ತಳದಲ್ಲಿ ರಾಡು, ಕ್ರಾಂಕು ಎಲ್ಲ ನೇತಾಡುತ್ತಿರುತ್ತವೆ, ಅವಕ್ಕೆ ತೊಡೆ ತಾಗುತ್ತಿದ್ದರೆ ಗಿಟಾರ್ ಕುಳ್ಳಗಿದೆ. ಮೊಣಕಾಲಿನ ಲಿವರ್‌ಗಳೂ (ಬಾಡಿಯ ತಳದಿಂದ ಇಳಿಬಿದ್ದಿರುವ, ಮೊಣಕಾಲಲ್ಲಿ ತಳ್ಳಿ ಸ್ವರ ಬದಲಿಸುವ ಹಿಡಿಗಳು) ಸುಳಿವು ಕೊಡುತ್ತವೆ. ಲಿವರ್ ಮೊಣಕಾಲಿನ ಪಕ್ಕಕ್ಕೆ ಬಂದು ಕೂರಬೇಕು. ಅದು ತೊಡೆಯ ಮಾಂಸಕ್ಕೆ ಒತ್ತುತ್ತಿದ್ದರೆ ಏನೋ ಸರಿಯಿಲ್ಲ ಅಂತಲೇ ಅರ್ಥ.

ಮೊದಲು ಸೀಟನ್ನೇ ಅರ್ಧ ಅಂಗುಲ ಏರಿಸಿ, ಇಳಿಸಿ ನೋಡಿ. ಕಾಲಿನ ಕೆಲಸ ಅಂದುಕೊಂಡು ಬಂದ ಅರ್ಧಕ್ಕರ್ಧ ಜನರಿಗೆ ಬೇಕಿದ್ದದ್ದು ಬೇರೆ ಸೀಟು. ಇನ್ನೊಂದು ಮಾತು, ವೇದಿಕೆಯಲ್ಲಿ ಹಾಕುವ ಶೂಗಳನ್ನೇ ಹಾಕಿಕೊಂಡು ಅಳತೆ ತೆಗೆಯಿರಿ. ಮನೆಯಲ್ಲಿ ಬರಿಗಾಲಲ್ಲಿ ಅಳೆದು, ಆಮೇಲೆ ದಪ್ಪ ಹಿಮ್ಮಡಿಯ ಬೂಟು ಹಾಕಿಕೊಂಡು ಕೂತರೆ ಮಾಡಿದ ಕೆಲಸ ಅಷ್ಟೂ ನೀರಲ್ಲಿ ಹೋಮ.

ಕಾಲು, ಬಾರ್, ರಾಡ್ ಒಂದಕ್ಕೊಂದು ಹೇಗೆ ಸೇರಿಕೊಂಡಿವೆ? ಮೊದಲು ಅದು ಅರ್ಥ ಆಗಬೇಕು.

ನಾಲ್ಕು ಕಾಲುಗಳು ಗಿಟಾರ್ ಬಾಡಿಯ ನಾಲ್ಕು ಮೂಲೆಗೆ ಥ್ರೆಡ್‌ನಿಂದ ತಿರುಗಿ ಕೂರುತ್ತವೆ. ಕೇಳುಗರ ಕಡೆಯ ಎರಡು ಕಾಲುಗಳ ನಡುವೆ ಅಡ್ಡಕ್ಕೆ ಒಂದು ಪಟ್ಟಿ ಇರುತ್ತದೆ. ಅದೇ ಪೆಡಲ್ ಬಾರ್. ಪೆಡಲ್‌ಗಳು ಅದಕ್ಕೆ ಹಿಂಜಿನಂತೆ (ಬಾಗಿಲ ಕೀಲಿನ ಹಾಗೆ) ಕೂತು ನಿಮ್ಮ ಕಡೆಗೆ ಚಾಚಿಕೊಂಡಿರುತ್ತವೆ. ಪ್ರತಿ ಪೆಡಲ್‌ನಿಂದ ಒಂದು ರಾಡ್ ಮೇಲಕ್ಕೆ ಹೋಗಿ ಬಾಡಿಯ ತಳದಲ್ಲಿರುವ ಅಡ್ಡ ಶಾಫ್ಟ್‌ನ ಕ್ರಾಂಕ್‌ಗೆ, ಅಂದರೆ ಶಾಫ್ಟ್‌ನ ಗಿಡ್ಡ ತೋಳಿಗೆ, ಸಿಕ್ಕಿಕೊಳ್ಳುತ್ತದೆ. ಪೆಡಲ್ ತುಳಿದರೆ ರಾಡ್ ಕೆಳಗೆ ಎಳೆಯುತ್ತದೆ, ಶಾಫ್ಟ್ ತಿರುಗುತ್ತದೆ, ತಂತಿ ಬಿಗಿಯಾಗುತ್ತದೆ ಅಥವಾ ಸಡಿಲವಾಗುತ್ತದೆ. ಹತ್ತು ತಂತಿಗಳ ಇ9 ಟ್ಯೂನಿಂಗ್‌ನಲ್ಲಿ (ಶ್ರುತಿ ಮಾಡುವ ಒಂದು ಸಾಮಾನ್ಯ ಕ್ರಮ) ಮೂರು ಪೆಡಲ್‌ಗಳಿಗೆ ಎ, ಬಿ, ಸಿ ಅಂತ ಹೆಸರು. ಎ ಪೆಡಲ್ 5 ಮತ್ತು 10ನೇ ತಂತಿಗಳನ್ನು ಬಿ ಸ್ವರದಿಂದ ಸಿ ಶಾರ್ಪ್‌ಗೆ ಏರಿಸುವುದು ಹೀಗೇ.

ಹೆಚ್ಚಿನ ಗಿಟಾರ್‌ಗಳಲ್ಲಿ ಕಾಲು ಎರಡು ಕೊಳವೆಗಳದ್ದು. ದಪ್ಪನೆಯದು ಮೇಲೆ, ಅದರೊಳಗೆ ಜಾರುವ ಸಣ್ಣದು ಕೆಳಗೆ. ಬಾರ್ ಕೂರುವುದು ಮೇಲಿನ ದಪ್ಪ ಕೊಳವೆಗೆ. ಇದೊಂದನ್ನು ನೆನಪಿಟ್ಟುಕೊಳ್ಳಿ: ಬಾರ್‌ಗೂ ಬಾಡಿಗೂ ಇರುವ ಅಂತರವೇ ರಾಡಿನ ಉದ್ದವನ್ನು ನಿರ್ಧರಿಸುತ್ತದೆ. ಬಾರ್‌ನ ಕೆಳಗೆ ಏನು ಮಾಡಿದರೂ ರಾಡಿಗೆ ಸಂಬಂಧ ಇಲ್ಲ. ಬಾರ್‌ನಿಂದ ಮೇಲಿನ ಭಾಗಕ್ಕೆ ಕೈ ಹಾಕಿದಿರೋ, ರಾಡ್‌ಗಳೆಲ್ಲ ಬದಲಾಗಬೇಕು.

ಹಾಗಾದರೆ ಕೆಳಗಿನ ಕೊಳವೆಯನ್ನು ಎಳೆದು ಎತ್ತರ ಮಾಡಿಕೊಂಡರೆ ಆಗೋದಿಲ್ವಾ?

ಅರ್ಧ ಅಂಗುಲಕ್ಕೆ ಧಾರಾಳವಾಗಿ ಆಗುತ್ತದೆ. ಒಂದು ಅಂಗುಲದವರೆಗೂ ಕೆಲವರಿಗೆ ನಡೆಯುತ್ತದೆ. ಅದಕ್ಕಿಂತ ಜಾಸ್ತಿ ಆದರೆ ಪೆಡಲ್‌ಗಳೂ ನೆಲದಿಂದ ಅಷ್ಟೇ ಮೇಲೆ ಹೋಗಿರುತ್ತವೆ. ಪಾದವನ್ನು ಗಾಳಿಯಲ್ಲಿ ಎತ್ತಿ ಹಿಡಿದು ತುಳಿಯಬೇಕಾಗುತ್ತದೆ, ಇಲ್ಲವೇ ಕಣಕಾಲನ್ನು ಪೂರ್ತಿ ಮೇಲಕ್ಕೆ ಬಾಗಿಸಬೇಕು. ಅರ್ಧ ಗಂಟೆಯಲ್ಲಿ ಮೀನಖಂಡ ಹಿಡಿದುಕೊಳ್ಳುತ್ತದೆ. ಎ ಮತ್ತು ಬಿ ಪೆಡಲ್‌ಗಳ ನಡುವೆ ಪಾದವನ್ನು ಹೊರಳಿಸಿ ನುಡಿಸುವುದಂತೂ ದೂರದ ಮಾತು, ಏಕೆಂದರೆ ಅದಕ್ಕೆ ಹಿಮ್ಮಡಿ ನೆಲ ಬಿಡಬಾರದು.

ಪಾದದ ಕೆಳಗೆ ಹಲಗೆ ಇಟ್ಟರೆ ಅಂತ ಎಲ್ಲರಿಗೂ ಹೊಳೆಯುತ್ತದೆ. ನನಗೂ ಹೊಳೆದಿತ್ತು. ಎರಡು ಅಂಗುಲದ ಹಲಗೆ ಇಟ್ಟು ಕೂತೆ. ಪಾದ ಎರಡು ಅಂಗುಲ ಮೇಲೆ ಬಂತು, ಮೊಣಕಾಲೂ ಎರಡು ಅಂಗುಲ ಮೇಲೆ ಬಂತು, ತೊಡೆ ಮತ್ತೆ ಬಾಡಿಗೆ ತಾಗಿತು. ಸುಮ್ನೆ ಮರ ಕೊಯ್ದದ್ದಷ್ಟೇ ಲಾಭ!

ಮೇಲೆ ಸೇರಿಸುವ ತುಂಡು ಹಾಕಿಸಲೋ, ಹೊಸ ಕಾಲೇ ಮಾಡಿಸಲೋ?

ಬಾಡಿಗೂ ಕಾಲಿಗೂ ನಡುವೆ ತಿರುಗಿಸಿ ಕೂರಿಸುವ ಗಿಡ್ಡ ಜೋಡಣೆ ತುಂಡು ಅಗ್ಗದ ದಾರಿ. ಒಂದು ತುದಿಯಲ್ಲಿ ಗಂಡು ಥ್ರೆಡ್, ಇನ್ನೊಂದು ತುದಿಯಲ್ಲಿ ಹೆಣ್ಣು ಥ್ರೆಡ್. ಲೇತ್ ಇರುವ ಯಾವ ಟರ್ನರ್ ಆದರೂ ಮಾಡಿಕೊಡಬಲ್ಲರು. ಮೂಲ ಕಾಲು ಹಾಗೇ ಉಳಿಯುತ್ತದೆ, ನಾಳೆ ಗಿಟಾರ್ ಮಾರಬೇಕಾದರೆ ಬಿಚ್ಚಿಟ್ಟರೆ ಆಯಿತು.

ಆದರೆ ಪ್ರತಿ ಕಾಲಿಗೂ ಒಂದು ಕೀಲು ಜಾಸ್ತಿ ಆದಂತೆ. ನಾಲ್ಕು ಕಾಲಿಗೆ ನಾಲ್ಕು ಹೊಸ ಕೀಲು, ಅದೂ ಅಲುಗಾಟ ಎಲ್ಲಕ್ಕಿಂತ ಹೆಚ್ಚು ಕಾಣುವ ಜಾಗದಲ್ಲಿ, ಬಾಡಿಗೆ ಅಂಟಿಕೊಂಡು. ತುಂಡಿನ ಎರಡೂ ಮುಖ ಥ್ರೆಡ್‌ಗೆ ಸರಿಯಾಗಿ ಲಂಬವಾಗಿ ಕತ್ತರಿಸಿರಬೇಕು. ಕೂದಲೆಳೆಯಷ್ಟು ಓರೆಯಾದರೂ ಕಾಲಿನ ತುದಿಯಲ್ಲಿ ಅದು ಕಣ್ಣಿಗೆ ಕಾಣುವಷ್ಟು ದೊಡ್ಡದಾಗುತ್ತದೆ. ಒಂದು ಅಂಗುಲದವರೆಗೆ ತುಂಡು ಸಾಕು, ಎರಡಕ್ಕೆ ಹೋಗುವುದಾದರೆ ಮೇಲಿನ ಕೊಳವೆಯನ್ನೇ ಉದ್ದವಾಗಿ ಹೊಸದು ಮಾಡಿಸಿ ಅನ್ನುವುದು ನನ್ನ ಅಭಿಪ್ರಾಯ. ಕೆಳಗಿನ ಕೊಳವೆ ಹಳೆಯದೇ ಇರಲಿ.

ಯಾವುದು ಮಾಡಿದರೂ ನಾಲ್ಕೂ ಒಂದೇ ಅಳತೆಯಲ್ಲಿರಲಿ. ಕೆಲವರು ಹಿಂದಿನ ಎರಡು ಕಾಲನ್ನು ತುಸು ಕಮ್ಮಿ ಮಾಡಿ ಬಾಡಿಯನ್ನು ತಮ್ಮ ಕಡೆ ವಾಲಿಸಿಕೊಳ್ಳುತ್ತಾರೆ. ಅದನ್ನು ಕೆಳಗಿನ ಕೊಳವೆ ಜಾರಿಸಿ ಮಾಡಿಕೊಳ್ಳಬಹುದು, ಅದಕ್ಕೆ ಲೇತ್ ಬೇಡ.

ಥ್ರೆಡ್ ಅಳತೆ ಯಾವುದು?

ತಯಾರಕರಿಂದ ತಯಾರಕರಿಗೆ ಬೇರೆ. ಒಂದೇ ಹೆಸರಿನ ಹಳೆಯದಕ್ಕೂ ಹೊಸದಕ್ಕೂ ಬೇರೆ ಇರಬಹುದು. ಅದಕ್ಕೇ ಬಾಯಿಮಾತು ನಂಬಬೇಡಿ. ವರ್ನಿಯರ್‌ನಲ್ಲಿ ದಪ್ಪ ಅಳೆಯಿರಿ, ಥ್ರೆಡ್ ಗೇಜ್‌ನಲ್ಲಿ ಹಲ್ಲು ಎಣಿಸಿ.

ಇಲ್ಲೊಂದು ಹಳ್ಳ ಇದೆ, ನಾನೇ ಬಿದ್ದಿದ್ದೇನೆ. ಈ ವಾದ್ಯ ಬೆಳೆದದ್ದು ಅಮೆರಿಕದಲ್ಲಿ, ಹಾಗಾಗಿ ಥ್ರೆಡ್ ಬಹುಪಾಲು ಅಂಗುಲದ ಲೆಕ್ಕದ್ದು. 5/16 ಅಂಗುಲ ಅಂದರೆ 7.94 ಮಿಲಿಮೀಟರ್. 8 ಮಿಲಿಮೀಟರ್ ಬೋಲ್ಟನ್ನು ಪಕ್ಕಕ್ಕೆ ಹಿಡಿದರೆ ಕಣ್ಣಿಗೆ ವ್ಯತ್ಯಾಸವೇ ಕಾಣುವುದಿಲ್ಲ. ಆದರೆ 5/16ರ ದಪ್ಪ ಥ್ರೆಡ್‌ನಲ್ಲಿ ಅಂಗುಲಕ್ಕೆ 18 ಹಲ್ಲು, 8 ಮಿಲಿಮೀಟರ್‌ನದು 1.25 ಪಿಚ್, ಅಂದರೆ ಅಂಗುಲಕ್ಕೆ 20ರ ಮೇಲೆ. ಒಂದೆರಡು ಸುತ್ತು ಚೆನ್ನಾಗಿ ಹೋಗುತ್ತದೆ, ಆಮೇಲೆ ಕಚ್ಚಿಕೊಳ್ಳುತ್ತದೆ. ಬಿಗಿ ಇದೆ ಅಂತ ನಾನು ಸ್ಪ್ಯಾನರ್ ಹಾಕಿದೆ. ಒಳಗಿನದು ಅಲ್ಯೂಮಿನಿಯಂ, ಹೊರಗಿನದು ಸ್ಟೀಲು. ಯಾರು ಸೋತರು ಅಂತ ಹೇಳಬೇಕಾಗಿಲ್ಲ.

ಥ್ರೆಡ್ ಹಾಳಾಗಿಹೋಗಿದ್ದರೆ?

ರಂಧ್ರ ದೊಡ್ಡದು ಮಾಡಿ ಸ್ಟೀಲಿನ ಸುರುಳಿ ಇನ್ಸರ್ಟ್ ಹಾಕಿಸಿ, ಮೂಲ ಅಳತೆಗೇ ಬರುತ್ತದೆ. ಹಳೆಯ ಅಲ್ಯೂಮಿನಿಯಂ ಥ್ರೆಡ್‌ಗಿಂತ ಗಟ್ಟಿಯೂ ಹೌದು. ರಂಧ್ರ ನೆಟ್ಟಗೆ ಕೊರೆಯಬೇಕು, ಹಾಗಾಗಿ ಕೈ ಡ್ರಿಲ್ ಬೇಡ.

ಹಾಳಾಗದ ಹಾಗೆ ನೋಡಿಕೊಳ್ಳಲು ಒಂದು ಅಭ್ಯಾಸ ಸಾಕು. ಕಾಲನ್ನು ರಂಧ್ರಕ್ಕೆ ಇಟ್ಟು ಮೊದಲು ಉಲ್ಟಾ ತಿರುಗಿಸಿ. ಒಂದು ಜಾಗದಲ್ಲಿ ಟಕ್ ಅಂತ ಸಣ್ಣದಾಗಿ ಕೆಳಗೆ ಬೀಳುತ್ತದೆ, ಬೆರಳಿಗೆ ಗೊತ್ತಾಗುತ್ತದೆ. ಅಲ್ಲಿಂದ ಬಿಗಿಯುವ ದಿಕ್ಕಿಗೆ ತಿರುಗಿಸಿದರೆ ಹಲ್ಲು ತಪ್ಪುವುದೇ ಇಲ್ಲ. ಥ್ರೆಡ್‌ಗೆ ಆಗಾಗ ಒಂದು ಚೂರು ಮೇಣ ಅಥವಾ ಗ್ರೀಸ್ ಸವರಿ. ಕಾಲು ಬಿಗಿಯಲು ಕೈಬಲ ಸಾಕು.

ರಾಡ್‌ಗಳನ್ನು ಉದ್ದ ಮಾಡುವುದು ಹೇಗೆ?

ಬಾರ್‌ನ ಮೇಲೆ ಎಷ್ಟು ಉದ್ದ ಸೇರಿಸಿದಿರೋ ರಾಡಿಗೂ ಅಷ್ಟೇ. ಎರಡು ದಾರಿ ಇವೆ. ರಾಡಿನ ಥ್ರೆಡ್ ತುದಿಗೆ ಉದ್ದನೆಯ ಜೋಡಣೆ ನಟ್ ಹಾಕಿ ಅದಕ್ಕೊಂದು ತುಂಡು ರಾಡ್ ಸೇರಿಸುವುದು ಒಂದು. ಹೊಸ ರಾಡ್ ಪೂರ್ತಿಯಾಗಿ ಮಾಡುವುದು ಇನ್ನೊಂದು. ಎರಡನೆಯದು ಒಳ್ಳೆಯದು. ಅದೇ ದಪ್ಪದ ಸ್ಟೇನ್‌ಲೆಸ್ ರಾಡ್ ತಂದು, ಒಂದು ತುದಿಗೆ ಥ್ರೆಡ್ ಹಾಕಿ, ಇನ್ನೊಂದು ತುದಿಯನ್ನು ಹಳೆಯದರಂತೆ ಕೊಕ್ಕೆ ಬಾಗಿಸಿದರೆ ಆಯಿತು. ಮೂರು ಪೆಡಲ್ ಆದರೆ ಒಂದು ಮಧ್ಯಾಹ್ನದ ಕೆಲಸ.

ಜೋಡಣೆ ನಟ್ಟೇ ಬಳಸುತ್ತೀರಿ ಅಂದರೆ ಅದರ ಎರಡೂ ಕಡೆ ಲಾಕ್ ನಟ್ ಹಾಕಲೇಬೇಕು. ನಾನು ಒಮ್ಮೆ ಕೈಬಿಗಿಯಲ್ಲೇ ಬಿಟ್ಟಿದ್ದೆ. ತುಳಿತ ತುಳಿತಕ್ಕೂ ಅದು ಒಂದೊಂದೇ ಚೂರು ಬಿಚ್ಚಿಕೊಂಡು ಬಂದು, ಒಂದು ದಿನ ಹಾಡಿನ ನಡುವೆ ಬಿ ಪೆಡಲ್ ಸೀದಾ ನೆಲಕ್ಕೆ ಬಿತ್ತು. 3 ಮತ್ತು 6ನೇ ತಂತಿಗಳು ಜಿ ಶಾರ್ಪ್‌ನಲ್ಲೇ ಉಳಿದವು, ಬ್ಯಾಂಡ್‌ನವರೆಲ್ಲ ಎ ಸ್ವರದ ಕಡೆ ಹೋಗಿದ್ದರು. ಆ ಐದು ಸೆಕೆಂಡ್ ನನಗೆ ಇನ್ನೂ ಕೇಳಿಸುತ್ತದೆ.

ರಾಡ್‌ಗಳು ನೋಡಲು ಒಂದೇ ಥರ ಇದ್ದರೂ ಉದ್ದ ಒಂದೇ ಇರುವುದಿಲ್ಲ. ಬಿಚ್ಚುವ ಮುಂಚೆ ಬಣ್ಣದ ಟೇಪ್ ಸುತ್ತಿ ಗುರುತು ಮಾಡಿ.

ರಾಡ್ ಉದ್ದ ಸರಿಯಾಗಿದೆಯಾ ಅಂತ ನೋಡುವುದು ಹೇಗೆ?

ಪೆಡಲ್ ಮುಟ್ಟದೆ ರಾಡನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ. ಒಂದು ಚೂರು, ಕಾಗದದ ದಪ್ಪದಷ್ಟು ಸಡಿಲ ಇರಬೇಕು. ರಾಡ್ ತಂತಿಯಂತೆ ಬಿಗಿದು ನಿಂತಿದ್ದರೆ ಅದು ಗಿಡ್ಡ. ಶಾಫ್ಟ್ ತನ್ನ ನಿಲುಗಡೆಗೆ ಪೂರ್ತಿ ವಾಪಸ್ ಹೋಗುತ್ತಿಲ್ಲ. ಪೆಡಲ್ ಬಿಟ್ಟ ಮೇಲೂ ತಂತಿ ತುಸು ಏರಿದ ಸ್ವರದಲ್ಲೇ ಇರುತ್ತದೆ. ಇದನ್ನು ಹಿಡಿಯಲು ಸುಲಭದ ಪರೀಕ್ಷೆ: ಟ್ಯೂನರ್ ನೋಡುತ್ತಾ ರಾಡ್ ಕಳಚಿ. ಸ್ವರ ಕೆಳಗಿಳಿದರೆ ರಾಡ್ ಗಿಡ್ಡ ಇತ್ತು.

ಉದ್ದ ಜಾಸ್ತಿ ಆಗಿದ್ದರೆ ತುಳಿತದ ಮೊದಲ ಭಾಗದಲ್ಲಿ ಏನೂ ಆಗುವುದಿಲ್ಲ. ಪಾದ ಕೆಳಗೆ ಹೋಗುತ್ತಿರುತ್ತದೆ, ತಂತಿ ಸುಮ್ಮನಿರುತ್ತದೆ. ಪೆಡಲ್ ಸಡಿಲವಾಗಿ ಕಿಟಕಿಟ ಅನ್ನುತ್ತದೆ.

ಪೆಡಲ್‌ಗಳು ಎಲ್ಲ ಒಂದೇ ಮಟ್ಟದಲ್ಲಿ ಇರಬೇಕಾ? ಇರಬೇಕಾಗಿಲ್ಲ. ಎ ಮತ್ತು ಬಿ ಸಮ ಇದ್ದರೆ ಪಾದ ಹೊರಳಿಸಲು ಚೆನ್ನ. ಸಿ ಪೆಡಲ್ಲನ್ನು ನಾನು ಒಂದು ಕೂದಲು ಕೆಳಗಿಟ್ಟಿದ್ದೇನೆ, ಬಿ ಜೊತೆ ಸಿ ತುಳಿಯುವಾಗ ನನ್ನ ಪಾದ ವಾಲುವುದು ಹಾಗೆ. ನಿಮ್ಮ ಪಾದ ಬೇರೆ.

ಜೋರಾಗಿ ತುಳಿದರೆ ಬಾರ್ ಜಾರುತ್ತದೆ. ಯಾಕೆ?

ಇದು ನನಗೆ ಇಷ್ಟದ ಪ್ರಶ್ನೆ. ಪೆಡಲ್ ತುಳಿಯುವುದು ಕೆಳಕ್ಕೆ, ಹಾಗಾಗಿ ಬಾರ್ ಕೆಳಕ್ಕೆ ಜಾರಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಕೆಳಗೊಂದು ಕಾಲರ್ (ಕೊಳವೆಯ ಸುತ್ತ ಬಿಗಿಯುವ ಉಂಗುರ) ಬಿಗಿದು ಸುಮ್ಮನಾಗುತ್ತಾರೆ. ಬಾರ್ ಜಾರುವುದು ಮೇಲಕ್ಕೆ!

ಲೆಕ್ಕ ನೋಡಿ. ಪೆಡಲ್‌ನ ಒಂದು ತುದಿ ಬಾರ್‌ನ ಹಿಂಜು, ಇನ್ನೊಂದು ತುದಿಯಲ್ಲಿ ನಿಮ್ಮ ಪಾದ, ನಡುವೆ ರಾಡ್. ಹಿಂಜಿನಿಂದ ಮೂರನೇ ಒಂದು ಭಾಗದಲ್ಲಿ ರಾಡ್ ಇದೆ ಅಂದುಕೊಳ್ಳಿ. ಪಾದ 3 ಕಿಲೋ ಭಾರ ಹಾಕಿದರೆ ರಾಡಿನ ಎಳೆತ 9 ಕಿಲೋ. ಪಾದ ಕೊಟ್ಟದ್ದು 3 ಮಾತ್ರ. ಉಳಿದ 6 ಕಿಲೋ ಎಲ್ಲಿಂದ ಬಂತು? ಹಿಂಜು ಪೆಡಲ್ಲನ್ನು ಕೆಳಕ್ಕೆ ಹಿಡಿದಿದೆ. ಅಂದರೆ ಪೆಡಲ್ ಬಾರನ್ನು 6 ಕಿಲೋ ಬಲದಲ್ಲಿ ಮೇಲಕ್ಕೆ ಎತ್ತುತ್ತಿದೆ. ಎರಡು ಪೆಡಲ್ ಒಟ್ಟಿಗೆ ತುಳಿದರೆ ಇನ್ನೂ ಜಾಸ್ತಿ.

ಅದಕ್ಕೆ ಬಾರ್‌ನ ಮೇಲ್ಗಡೆ ತಡೆ ಬೇಕು. ಕೊಳವೆಗೆ ಒಂದು ಕಾಲರ್ ಹಾಕಿ ಬಾರ್‌ನ ನೆತ್ತಿಗೆ ಸರಿಯಾಗಿ ಕೂರುವಂತೆ ಬಿಗಿದರೆ ಸಾಕು. ಸೀಳು ಕಾಲರ್ ಆದರೆ ಕ್ರೋಮ್‌ಗೆ ಗೀರು ಬೀಳುವುದಿಲ್ಲ. ಚೂಪು ತುದಿಯ ಅಲೆನ್ ಸ್ಕ್ರೂ ಮಾತ್ರ ಬೇಡ. ಅದು ಕೊಳವೆಯಲ್ಲಿ ಗುಳಿ ತೋಡುತ್ತದೆ, ಆಮೇಲೆ ಬಾರನ್ನು ಎರಡು ಮಿಲಿಮೀಟರ್ ಸರಿಸಬೇಕು ಅಂದರೂ ಸ್ಕ್ರೂ ಜಾರಿ ಅದೇ ಗುಳಿಗೇ ಬೀಳುತ್ತದೆ. ಬಾರ್ ತನ್ನ ಅಕ್ಷದಲ್ಲೇ ತಿರುಚುತ್ತಿದ್ದರೆ ಎರಡು ತುದಿಯ ಹಿಡಿತ ಸವೆದಿದೆ, ಒಳಗೊಂದು ತೆಳು ನೈಲಾನ್ ಬುಶ್ ಹಾಕಿ ನೋಡಿ.

ಬಾರನ್ನು ಎರಡು ಅಂಗುಲ ಕೆಳಗಿಳಿಸಿದೆ. ಈಗ ಅದು ಕಾಲುಗಳ ನಡುವೆ ಗಿಡ್ಡವಾಗಿದೆ!

ನಿಮ್ಮ ಗಿಟಾರ್‌ನ ಕಾಲುಗಳು ಸ್ವಲ್ಪ ಹೊರಕ್ಕೆ ವಾಲಿವೆ. ಕೆಲವು ವಿನ್ಯಾಸಗಳು ಹಾಗೇ ಇರುತ್ತವೆ. ಪ್ರತಿ ಕಾಲು 3 ಡಿಗ್ರಿ ವಾಲಿದ್ದರೆ, ಎರಡು ಅಂಗುಲ ಕೆಳಗೆ ಹೋಗುವಷ್ಟರಲ್ಲಿ ಎರಡೂ ಕಡೆ ಸೇರಿ 5 ಮಿಲಿಮೀಟರ್ ಅಗಲ ಆಗಿರುತ್ತದೆ. ಬಾರನ್ನು ಬಲವಂತವಾಗಿ ಕೂರಿಸಿದರೆ ಕಾಲುಗಳು ಒಳಕ್ಕೆ ಬಾಗುತ್ತವೆ, ಬಾಡಿಯ ಕಾಲಿನ ಸಾಕೆಟ್‌ಗೆ ನೋವು. ಎರಡು ತುದಿಗೂ ಸಮ ದಪ್ಪದ ವಾಷರ್ ಇಡಿ. ಒಂದೇ ಕಡೆ ಇಟ್ಟರೆ ಪೆಡಲ್‌ಗಳೆಲ್ಲ ಪಕ್ಕಕ್ಕೆ ಸರಿದು ರಾಡ್‌ಗಳು ಓರೆಯಾಗುತ್ತವೆ.

ನಾನು ಕುಳ್ಳ. ಗಿಟಾರ್ ಕಾಲು ಕತ್ತರಿಸಬಹುದಾ?

ಕತ್ತರಿಸಬಹುದು, ಒಳಗಿನ ಕೊಳವೆಯನ್ನು ಮಾತ್ರ, ಅದೂ ರಬ್ಬರ್ ಬುಡದ ಕಡೆಯಿಂದ. ಮೇಲಿನ ದಪ್ಪ ಕೊಳವೆಗೆ ಕೈ ಹಾಕಬೇಡಿ, ಅದು ಕತ್ತರಿಸಿದರೆ ಬಾರ್‌ಗೆ ಜಾಗ ಕಮ್ಮಿ ಆಗುತ್ತದೆ. ಪೈಪ್ ಕಟರ್ ಇದ್ದರೆ ಅದೇ ಒಳ್ಳೆಯದು, ಹ್ಯಾಕ್‌ಸಾದಲ್ಲಿ ನೆಟ್ಟಗೆ ಬರುವುದು ಕಷ್ಟ. ಅಂಚನ್ನು ಅರದಿಂದ ಉಜ್ಜಿ ನಯ ಮಾಡಿ. ಕತ್ತರಿಸಿದ ಮೇಲೂ, ನುಡಿಸುವ ಎತ್ತರದಲ್ಲಿ ನಿಂತಾಗ, ಕನಿಷ್ಠ 3 ಅಂಗುಲ ಮೇಲಿನ ಕೊಳವೆಯೊಳಗೆ ಇರಲಿ ಅನ್ನುವುದು ನನ್ನ ಲೆಕ್ಕ.

ಬೇಕಾದ್ದಕ್ಕಿಂತ ಅರ್ಧ ಅಂಗುಲ ಕಮ್ಮಿ ಕತ್ತರಿಸಿ, ಒಂದು ವಾರ ನುಡಿಸಿ ನೋಡಿ.

ಗಿಟಾರ್ ಅಲುಗಾಡುತ್ತದೆ. ಕಾಲು ಬದಲಾಯಿಸಬೇಕಾ?

ಮೊದಲು ಅಲುಗಾಟ ಎಲ್ಲಿದೆ ಅಂತ ಹುಡುಕಿ. ಒಬ್ಬರು ಬಾಡಿಯ ಮೂಲೆ ಹಿಡಿದು ಮೆಲ್ಲಗೆ ಹಿಂದೆ ಮುಂದೆ ತಳ್ಳಲಿ. ನೀವು ಒಂದೊಂದೇ ಕೀಲಿನ ಮೇಲೆ ಬೆರಳಿಡಿ, ಬೆರಳಿನ ಅರ್ಧ ಒಂದು ಭಾಗದ ಮೇಲೆ, ಇನ್ನರ್ಧ ಇನ್ನೊಂದು ಭಾಗದ ಮೇಲೆ. ಕಣ್ಣಿಗೆ ಕಾಣದ ಆಟವೂ ಬೆರಳಿಗೆ ಗೊತ್ತಾಗುತ್ತದೆ. ಸಾಮಾನ್ಯವಾಗಿ ಸಿಗುವುದು ಎರಡು ಕೊಳವೆಗಳು ಸೇರುವ ಬಿಗಿ ಉಂಗುರದಲ್ಲಿ. ಒಳಗೆ ಕೊಳೆ, ಹಳೆಯ ಗ್ರೀಸ್ ಸೇರಿರುತ್ತದೆ. ಬಿಚ್ಚಿ ಒರೆಸಿದರೆ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಆ ಜಾಗಕ್ಕೆ ಗ್ರೀಸ್ ಹಚ್ಚಬಾರದು, ಹಿಡಿಯುವ ಕೆಲಸ ಮಾಡುವ ಜಾಗ ಅದು. ರಬ್ಬರ್ ಬುಡ ಸವೆದು ಕೊಳವೆ ನೆಲಕ್ಕೆ ತಾಗುತ್ತಿದ್ದರೂ ಹೀಗೇ ಆಗುತ್ತದೆ. ನೆಲವೇ ಏರುತಗ್ಗಾಗಿದ್ದರೆ ರಸಮಟ್ಟ ಇಟ್ಟು ನಾಲ್ಕನೇ ಕಾಲನ್ನು ಕೊನೆಗೆ ಬಿಗಿಯಿರಿ.

ಪೆಡಲ್ ತುಂಬಾ ಗಡುಸು. ಹಗುರ ಮಾಡಬಹುದಾ?

ಪೆಡಲ್‌ನಲ್ಲಿ ರಾಡ್ ಸಿಗಿಸಲು ಒಂದಕ್ಕಿಂತ ಹೆಚ್ಚು ರಂಧ್ರ ಇದ್ದರೆ ಹಿಂಜಿಗೆ ಹತ್ತಿರದ ರಂಧ್ರಕ್ಕೆ ಬದಲಾಯಿಸಿ. ಹಗುರ ಆಗುತ್ತದೆ, ಆದರೆ ತುಳಿತ ಉದ್ದ ಆಗುತ್ತದೆ. ಎರಡೂ ಒಟ್ಟಿಗೆ ಸಿಗುವುದಿಲ್ಲ. ರಂಧ್ರ ಬದಲಾದ ಮೇಲೆ ರಾಡ್ ಓರೆಯಾಗಿಲ್ಲ ಅಂತ ನೋಡಿ. ನನಗೆ ತುಸು ಗಡುಸಾಗಿ, ಗಿಡ್ಡ ತುಳಿತ ಇರುವುದೇ ಇಷ್ಟ. ಆದರೆ ಅರ್ಧ ತುಳಿದು ಸ್ವರವನ್ನು ನಡುವೆ ನಿಲ್ಲಿಸುವವರಿಗೆ ಉದ್ದ ತುಳಿತ ಅನುಕೂಲ.

ಗಟ್ಟಿ ಕಾಲು ಹಾಕಿದರೆ ಪೆಡಲ್ ತುಳಿದಾಗ ಬೇರೆ ತಂತಿಗಳು ಇಳಿಯುವುದು ನಿಲ್ಲುತ್ತದಾ?

ನಿಲ್ಲುವುದಿಲ್ಲ. ಎ, ಬಿ ಒಟ್ಟಿಗೆ ತುಳಿದಾಗ 4ನೇ ತಂತಿಯ ಇ ಸ್ವರ ಕೆಲವು ಸೆಂಟ್‌ಗಳಷ್ಟು (ಒಂದು ಸೆಂಟ್ ಅಂದರೆ ಅರೆಸ್ವರದ ನೂರನೇ ಒಂದು ಪಾಲು) ಇಳಿದರೆ ಅದು ಬಾಡಿ ಬಾಗುವುದರಿಂದ ಆಗುವುದು. ಮರದ ಗಡಸುತನ, ಚೇಂಜರ್ (ತಂತಿಗಳನ್ನು ಎಳೆದು ಸಡಿಲಿಸುವ ಭಾಗ) ಕೂತಿರುವ ರೀತಿ, ಕ್ರಾಂಕ್‌ಗಳ ಜಾಗ, ಇವುಗಳ ಲೆಕ್ಕ ಅದು. ಕಾಲಿನ ಪಾತ್ರ ಸಣ್ಣದು. ಆ ಆಸೆಗೆ ಹೊಸ ಕಾಲು ಮಾಡಿಸಬೇಡಿ.

ಎಮ್ಮನ್ಸ್ ಜೋಡಣೆಯಿಂದ ಡೇ ಜೋಡಣೆಗೆ ಹೋಗಬೇಕು. ಎ ಮತ್ತು ಸಿ ರಾಡ್‌ಗಳನ್ನು ಅದಲುಬದಲು ಮಾಡಿದರೆ ಸಾಕಾ?

ಇಬ್ಬರು ಪೆಡಲ್ ಸ್ಟೀಲ್ ವಾದಕರ ಹೆಸರಿನ ಪೆಡಲ್ ಕ್ರಮಗಳಿವು. ಬಡ್ಡಿ ಎಮ್ಮನ್ಸ್ ಹೆಸರಿನ ಜೋಡಣೆಯಲ್ಲಿ ಎಡದಿಂದ ಎ, ಬಿ, ಸಿ. ಜಿಮ್ಮಿ ಡೇ ಹೆಸರಿನದರಲ್ಲಿ ಸಿ, ಬಿ, ಎ. ರಾಡ್‌ಗಳನ್ನು ಕತ್ತರಿಯಂತೆ ಅಡ್ಡಹಾಯಿಸಿದರೆ ಎರಡೂ ಓರೆ ನಿಲ್ಲುತ್ತವೆ, ಬಿ ರಾಡಿಗೆ ಉಜ್ಜುತ್ತವೆ, ಸದ್ದು ಮಾಡುತ್ತವೆ. ಮಾಡಬೇಕಾದ ಬದಲಾವಣೆ ಬಾಡಿಯ ಕೆಳಗೆ, ಕ್ರಾಂಕ್ ಮತ್ತು ಶಾಫ್ಟ್‌ನಿಂದ ಚೇಂಜರ್‌ಗೆ ಹೋಗುವ ಎಳೆಯುವ ರಾಡ್‌ಗಳಲ್ಲಿ. ಬಾರ್‌ಗೆ ನಾಲ್ಕನೇ ಪೆಡಲ್ ಸೇರಿಸುವುದೂ ಹೀಗೇ. ಬಾರ್‌ನಲ್ಲಿ ಪೆಡಲ್ ಕೂರಿಸುವುದು ಹತ್ತು ನಿಮಿಷದ ಕೆಲಸ, ಅದಕ್ಕೊಂದು ಹೊಸ ಶಾಫ್ಟ್, ಕ್ರಾಂಕು, ಚೇಂಜರ್‌ನಲ್ಲಿ ಖಾಲಿ ಜಾಗ ಹೊಂದಿಸುವುದೇ ನಿಜವಾದ ಕೆಲಸ.

ಎತ್ತರ ಬದಲಾದ ಮೇಲೆ ಮೊಣಕಾಲಿನ ಲಿವರ್ ತಾಗುತ್ತಿಲ್ಲ.

ಬಾಡಿ ಜೊತೆ ಲಿವರ್‌ಗಳೂ ಮೇಲೆ ಹೋಗಿವೆ. ಪಕ್ಕಕ್ಕೆ ತಳ್ಳುವವು ಇನ್ನೂ ತುದಿಯಲ್ಲಿ ಸಿಗಬಹುದು, ಮೇಲಕ್ಕೆ ಒತ್ತುವ ಲಿವರ್ ಮಾತ್ರ ಖಂಡಿತ ದೂರ ಆಗಿರುತ್ತದೆ. ಉದ್ದನೆಯ ಲಿವರ್ ಹಾಕಿಸಿ, ಇಲ್ಲವೇ ಹೊಂದಿಸುವ ಸ್ಕ್ರೂ ಇದ್ದರೆ ಅದನ್ನು ಇಳಿಸಿ. ಇದನ್ನು ಮಾಡುವ ಮುಂಚೆ ಹೊಸ ಎತ್ತರದಲ್ಲಿ ನಾಲ್ಕೈದು ದಿನ ನುಡಿಸಿ. ನಿಮ್ಮ ಕಾಲು ತಾನೇ ಸ್ವಲ್ಪ ಜಾಗ ಹುಡುಕಿಕೊಳ್ಳುತ್ತದೆ.

ಕೆಲಸದ ಕ್ರಮ ಹೇಗಿರಬೇಕು?

ಸೀಟು, ಕಾಲು, ಬಾರ್, ರಾಡ್, ಲಿವರ್, ಕೊನೆಗೆ ಟ್ಯೂನಿಂಗ್. ಈ ಕ್ರಮ ತಪ್ಪಿದರೆ ಮಾಡಿದ್ದನ್ನೇ ಮತ್ತೆ ಮಾಡಬೇಕಾಗುತ್ತದೆ. ಚೇಂಜರ್ ಕಡೆಯ ಟ್ಯೂನಿಂಗ್ ನಟ್‌ಗಳನ್ನು ರಾಡ್ ಸರಿಹೋಗುವವರೆಗೆ ಮುಟ್ಟಲೇಬೇಡಿ. ರಾಡ್ ಗಿಡ್ಡವಾಗಿದ್ದು ಸ್ವರ ಏರಿದ್ದರೆ, ನಟ್ ತಿರುಗಿಸಿ ಸರಿ ಮಾಡಲು ಹೋಗಿ ರಾತ್ರಿ ಎರಡು ಗಂಟೆಯವರೆಗೆ ಸುತ್ತುತ್ತಲೇ ಇರುತ್ತೀರಿ.

ಹಳೆಯ, ಬೆಲೆಬಾಳುವ ಗಿಟಾರ್‌ಗೆ ಇದೆಲ್ಲ ಮಾಡಬಹುದಾ?

ಬಾಡಿಗೆ ಹೊಸ ರಂಧ್ರ ಕೊರೆಯದಿದ್ದರೆ, ಮೂಲ ಕಾಲು ಕತ್ತರಿಸದಿದ್ದರೆ ಏನು ಬೇಕಾದರೂ ಮಾಡಿ. ಹೊಸ ಕಾಲು, ಹೊಸ ರಾಡ್ ಮಾಡಿಸಿ ಹಾಕಿಕೊಳ್ಳಿ. ಹಳೆಯ ಕಾಲು, ರಾಡ್‌ಗಳನ್ನು ಗುರುತಿನ ಟೇಪ್ ಸಮೇತ ಬಟ್ಟೆಯಲ್ಲಿ ಸುತ್ತಿ ಕೇಸ್‌ನಲ್ಲೇ ಇಡಿ. ಬೇರೆ ಎಲ್ಲಾದರೂ ಇಟ್ಟರೆ ಬೇಕಾದ ದಿನ ಮೂರು ಕಾಲು ಮಾತ್ರ ಸಿಗುತ್ತವೆ.